‘ಗೇಮ್ ಸ್ಟ್ರಕ್ ಆಗ್ತಿದೆ’: ಎಳೆಯುತ್ತಿಲ್ಲವೋ, ಮುಗ್ಗರಿಸುತ್ತಿದೆಯೋ, ಬಸವಳಿದಿದೆಯೋ?

ಎಲ್ಲರಿಗೂ ನಮಸ್ಕಾರ.

ನಾಪೋಕ್ಲಿನಿಂದ ಅಕ್ಕನ ಮಗ ಫೋನ್ ಮಾಡಿ, ‘ಮಾವ, ಗೇಮ್ ಸ್ಟ್ರಕ್ ಆಗ್ತಿದೆ’ ಅಂದ. ನಮ್ಮ ಕೊಡಗಿನ ಕಕ್ಕಡ ತಿಂಗಳ ಜೋರು ಮಳೆ, ಎಲ್ಲೋ ಮರ ಬಿದ್ದು ಕೇಬಲ್ ಜಗ್ಗಿರಬೇಕು ಎಂದುಕೊಂಡು ಎರಡು ದಿನ ಇಂಟರ್‌ನೆಟ್ಟಿನ ಹಿಂದೆ ಬಿದ್ದೆ. ಮನೆಗೇ ಹೋಗಿ ನೋಡಿದರೆ ಅವನು ಆಡುತ್ತಿದ್ದುದು ನೆಟ್ಟೇ ಬೇಡದ ಕಾರ್ ರೇಸ್. ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ತೆವಳುತ್ತಿತ್ತು. ಸಿಪಿಯು ಡಬ್ಬ ಬಿಚ್ಚಿದಾಗ ಫ್ಯಾನಿನಡಿಯ ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರಿ ಹೊರಹಾಕುವ ಲೋಹದ ಪಟ್ಟಿಗಳು) ಸಂದುಗಳಲ್ಲಿ ಧೂಳು, ನಾಯಿಕೂದಲು ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಕೂತಿತ್ತು. ಬಿಸಿ ಮಿತಿ ಮುಟ್ಟಿದರೆ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಸರಿಹೋಯಿತು.

ಆ ಎರಡು ದಿನ ಹಾಳಾದದ್ದು ‘ಸ್ಟ್ರಕ್’ ಎಂಬ ಪದದಿಂದಲೇ. ಇಂಗ್ಲಿಷಿನ ‘ಸ್ಟಕ್’ ನಮ್ಮ ಬಾಯಲ್ಲಿ ‘ಸ್ಟ್ರಕ್’ ಆಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಬೇರೆ ಬೇರೆ ಕಾಯಿಲೆಗಳಿಗೆಲ್ಲ ಆ ಒಂದೇ ಹೆಸರು ಅನ್ನುವುದು ನನ್ನ ಚಿಂತೆ.

ನಮ್ಮ ಜೀಪ್ ಡ್ರೈವರುಗಳ ಮಾತು ನೋಡಿ. ಭಾಗಮಂಡಲದಿಂದ ತಲಕಾವೇರಿಗೆ ಏರುವಾಗ ಗಾಡಿ ಸೋತರೆ ‘ಎಳೀತಾ ಇಲ್ಲ’ ಅನ್ನುತ್ತಾರೆ. ಓಡುತ್ತಾ ಓಡುತ್ತಾ ಜರ್ಕ್ ಹೊಡೆದರೆ ‘ಮಿಸ್ಸಿಂಗ್’. ಎಂಜಿನ್ ಕಾದರೆ ‘ಹೀಟ್ ಆಗಿದೆ’. ಹೀಗೆ ಹೇಳಿಬಿಟ್ಟರೆ ಮೆಕ್ಯಾನಿಕ್ಕಿಗೆ ಬಾನೆಟ್ ಎತ್ತುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಕಂಪ್ಯೂಟರಿಗೂ ಇಂಥ ಮಾತುಗಳು ಬೇಕು.

ಶುರುವಿನಿಂದ ಕೊನೆವರೆಗೂ ಒಂದೇ ಸಮ ನಿಧಾನವಿದ್ದರೆ ‘ಎಳೆಯುತ್ತಿಲ್ಲ’ ಸಾಕು ಎಂದು ನನ್ನ ಅಭಿಪ್ರಾಯ. ಆಗ ರೆಸೊಲ್ಯೂಷನ್, ಅಂದರೆ ಚಿತ್ರದ ಚುಕ್ಕಿಗಳ ಸಂಖ್ಯೆ, ಇಳಿಸಿ ನೋಡಬೇಕು. ಆಟ ಚುರುಕಾದರೆ ಎಳೆಯಲಾರದ್ದು ಗ್ರಾಫಿಕ್ಸ್ ಕಾರ್ಡ್, ಏನೂ ಬದಲಾಗದಿದ್ದರೆ ಹೆಚ್ಚಾಗಿ ಪ್ರೊಸೆಸರ್.

ಕಷ್ಟ ಇರುವುದು ಜರ್ಕಿನಲ್ಲಿ. ಆಟದ ಚಿತ್ರ ಓಡುವುದು ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳಿಂದ, ಅವೇ ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೂ ಕಣ್ಣಿಗೆ ಹೊಡೆಯುತ್ತದೆ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸರಾಸರಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ರ್‍ಯಾಮ್ ಸಾಲದೆ ಹಳೆಯ ಹಾರ್ಡ್‌ಡಿಸ್ಕಿಗೆ ಪದೇ ಪದೇ ಕೈಚಾಚುವ ಕಂಪ್ಯೂಟರುಗಳಲ್ಲಿ ಇದು ತೀರಾ ಸಾಮಾನ್ಯ. ಇದಕ್ಕೆ ಕೆಲವರು ‘ತೊದಲು’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತೊದಲು ಮಾತಿಗೆ ಸೇರಿದ್ದು, ಓಟಕ್ಕಲ್ಲ. ಮನುಷ್ಯರ ಮಾತಿನ ಕಷ್ಟವನ್ನು ಯಂತ್ರದ ದೋಷಕ್ಕೆ ಹೆಸರಾಗಿಸಲು ಮನಸ್ಸೂ ಬರುವುದಿಲ್ಲ. ‘ಮುಗ್ಗರಿಸು’ ಸರಿ ಅನ್ನಿಸಿತು, ಆದರೆ ಮುಗ್ಗರಿಸಿದವನು ಬಿದ್ದೇ ಬಿಟ್ಟ ಎಂಬ ಅರ್ಥ ನಿಮ್ಮ ಕಡೆ ಇದೆಯೇ? ಬೀಳದೆ ಮತ್ತೆ ಓಡುವುದಕ್ಕೆ ‘ಎಡವು’ ಹೆಚ್ಚು ಹೊಂದುತ್ತದೆಯೇ?

ಬಿಸಿಯಿಂದ ಸೋಲುವುದಕ್ಕೆ ನಾನು ಆರಿಸಿಕೊಂಡದ್ದು ‘ಬಸವಳಿ’. ಬಿಸಿಲಲ್ಲಿ ದುಡಿದು ಸುಸ್ತಾದವರನ್ನು ‘ಬಸವಳಿದು ಬಂದ್ರು’ ಅನ್ನುತ್ತೇವೆ. ಮೊದಲು ಚೆನ್ನಾಗಿದ್ದು ಆಮೇಲೆ ಸೋತದ್ದು ಎಂಬ ಭಾವ ಅದರಲ್ಲಿದೆ, ‘ದಣಿ’ಯಲ್ಲಿ ನನಗೆ ಅಷ್ಟು ಕಾಣುವುದಿಲ್ಲ. ಬಸವಳಿಯಲು ಬಿಸಿಯೇ ಕಾರಣವಾಗಬೇಕೇ, ಬರೀ ಆಯಾಸವೂ ಸಾಕೇ ಎಂಬುದನ್ನು ಬಲ್ಲವರು ತಿಳಿಸಬೇಕು.

ನೆಟ್ಟಿನ ತೊಂದರೆಗೆ ‘ತಡ’ ಎಂಬುದೇ ಇದೆ. ಚಿತ್ರ ನುಣ್ಣಗೆ ಓಡುತ್ತಿದ್ದು, ಕೀ ಒತ್ತಿದ್ದು ಎದುರಾಳಿಗೆ ತಲುಪುವುದು ಮಾತ್ರ ತಡ.

ಕೊಡವ ತಕ್ಕ್, ಅರೆಭಾಷೆ ಮನೆಮಾತಿನವರು ಇಲ್ಲಿದ್ದೀರಿ. ಗದ್ದೆಯಲ್ಲಿ ಉಳುವ ಎತ್ತು ಒಂದು ಹೆಜ್ಜೆ ತಪ್ಪಿ ಮತ್ತೆ ಸಾಲಿಗೆ ಬರುವುದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ದಯವಿಟ್ಟು ಬರೆಯಿರಿ.