ಕೇಬಲ್ ಕಂಪನಿ ಬದಲಾಯ್ತು, ಚಿತ್ರ ಒಡೀತಿದೆ: ತಪ್ಪು ಮನೆ ವೈರಿಂದಾ?

ಪ್ರಶ್ನೆ (ವಿನೋಬನಗರ, ದಾವಣಗೆರೆ): ನಮ್ಮ ಏರಿಯಾದ ಕೇಬಲ್‌ನವರು ಲೈನನ್ನೆಲ್ಲ ದೊಡ್ಡ ಕಂಪನಿಗೆ ಕೊಟ್ಟುಬಿಟ್ಟಿದ್ದಾರೆ. ಬಾಕ್ಸ್ ಹೊಸದು, ವೈರ್ ಹಳೇದು. ಈಗ ಏಳೆಂಟು ಚಾನೆಲ್ ಮಾತ್ರ ಚೌಕಚೌಕವಾಗಿ ಒಡೆಯುತ್ತವೆ, ಮಧ್ಯಾಹ್ನ ಜಾಸ್ತಿ. ಬಂದ ಹುಡುಗ 'ನಿಮ್ಮ ವೈರಿಂಗೇ ಸರಿಯಿಲ್ಲ' ಅಂದ. ಅದೇ ವೈರಲ್ಲಿ ಮೊದಲು ಚೆನ್ನಾಗಿ ಬರ್ತಿತ್ತಲ್ಲ?

ಉತ್ತರ: ಇಬ್ಬರ ಮಾತೂ ನಿಜ ಇರಬಹುದು. ಕ್ವಾಮ್ ಅಂದ್ರೆ ಸಿಗ್ನಲ್ಲಿನಲ್ಲಿ ಡೇಟಾ ತುಂಬಿಸೋ ವಿಧಾನ, ಅಂಕಿ ದೊಡ್ಡದಾದಷ್ಟೂ ಹೆಚ್ಚು ತುಂಬುತ್ತೆ. 8 ಮೆಗಾಹರ್ಟ್ಸ್ ಜಾಗದಲ್ಲಿ 64 ಕ್ವಾಮ್ ಸುಮಾರು 38 ಎಂಬಿಪಿಎಸ್ ಡೇಟಾ ಒಯ್ಯುತ್ತೆ, 256 ಕ್ವಾಮ್ 51. ಚಾನೆಲ್ ಹೆಚ್ಚು ತುಂಬಿಸಲು 256ಕ್ಕೆ ಹೋಗಿದ್ದರೆ ಸಿಗ್ನಲ್ 6 ಡಿಬಿಯಷ್ಟು (ಡೆಸಿಬೆಲ್, ಸಿಗ್ನಲ್ ಹೆಚ್ಚು-ಕಮ್ಮಿಯ ಅಳತೆ) ಹೆಚ್ಚು ಶುದ್ಧವಾಗಿರಬೇಕು. ಹಳೇ ಜಾಯಿಂಟ್ 64ನ್ನು ಹೇಗೋ ದಾಟಿಸ್ತಿತ್ತು, 256ಕ್ಕೆ ಆಗಲ್ಲ.

ಒಡೆಯುವ ಚಾನೆಲ್ ಹಾಕಿ, ಬಾಕ್ಸ್ ಮೆನುವಿನ ಸಿಗ್ನಲ್ ಪುಟದಲ್ಲಿ ಫ್ರೀಕ್ವೆನ್ಸಿ, ಕ್ವಾಮ್ ಬರ್ಕೊಳ್ಳಿ. ಎಲ್ಲ ಒಂದೇ ಫ್ರೀಕ್ವೆನ್ಸಿಯವಾ? 700 ಮೆಗಾಹರ್ಟ್ಸ್ ಮೇಲಿದ್ರೆ ವೈರ್ ಮೇಲೇ ಅನುಮಾನ. ಮನೆಗೆ ಎಳೆಯೋ ಆರ್‌ಜಿ-6 ಕೇಬಲ್ ವೈರ್ 100 ಮೀಟರಿಗೆ 50 ಮೆಗಾಹರ್ಟ್ಸ್‌ನಲ್ಲಿ 5 ಡಿಬಿ ತಿಂದ್ರೆ, 860ರಲ್ಲಿ 20ರ ಹತ್ತಿರ ತಿನ್ನುತ್ತೆ. ಬಿಸಿಲಿಗೆ ಇನ್ನಷ್ಟು, ಮಧ್ಯಾಹ್ನ ಜಾಸ್ತಿ ಆಗೋದಕ್ಕೆ ಇದೂ ಒಂದು ಕಾರಣ. ಕನೆಕ್ಟರ್ ಸಡಿಲಿದ್ರೆ 850ರ ಸುತ್ತಲಿನ ಮೊಬೈಲ್ ಸಿಗ್ನಲ್ಲೂ ಒಳಗೆ ನುಗ್ಗುತ್ತೆ.

ಆಮೇಲೆ ಕನೆಕ್ಟರ್ ಬಿಚ್ಚಿ ನೋಡಿ. ನಡುತಂತಿ ಹಸಿರೋ ಕಪ್ಪೋ ಆಗಿದ್ರೆ ನೀರು ಇಳಿದಿದೆ. ಅರ್ಧ ಅಡಿ ಕತ್ತರಿಸಿ ಹೊಸ ಕಂಪ್ರೆಷನ್ (ಒತ್ತಿ ಕೂರಿಸೋ) ಕನೆಕ್ಟರ್ ಹಾಕಿ. ನಡುತಂತಿ ಕನೆಕ್ಟರ್ ಬಾಯಿಂದ 2-3 ಮಿ.ಮೀ. ಹೊರಗೆ ಕಾಣಬೇಕು, ಜಾಲರಿಯ ಒಂದು ಎಳೆ ಅದಕ್ಕೆ ತಾಗಿದ್ರೂ ಕೆಲಸ ಕೆಡ್ತು. ತಿರುಪಿ ಹಾಕೋ ಅಗ್ಗದ ಕನೆಕ್ಟರ್ ಬೇಡವೇ ಬೇಡ. ಗೋಡೆ ತೂತಿನ ಮುಂಚೆ ವೈರಿಗೆ ಕೆಳಗಿಳಿಯೋ ಸುತ್ತು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಪ್ರಶ್ನೆ (ನಿಟುವಳ್ಳಿ): ಬೂಸ್ಟರ್ ಹಾಕಿದ್ರೆ ಆಗಲ್ವಾ?

ಉತ್ತರ: ಕೆಟ್ಟ ಸಿಗ್ನಲ್ಲಿಗೆ ಬೂಸ್ಟರ್ ಹಾಕಿದ್ರೆ ಕೆಟ್ಟದ್ದೇ ಜೋರಾಗುತ್ತೆ, ಅಷ್ಟೆ. ಮೊದಲು ಸ್ಪ್ಲಿಟರ್ (ಒಂದು ವೈರನ್ನು ಹಲವು ಟಿವಿಗೆ ಹಂಚೋ ತುಣುಕು) ನೋಡಿ. ಎರಡು ದಾರಿಯದು 4 ಡಿಬಿ, ನಾಲ್ಕು ದಾರಿಯದು 7-8 ನುಂಗುತ್ತೆ. ಇರೋದು ಒಂದೇ ಟಿವಿ ಅಂದ್ರೆ ತೆಗೆದೇಬಿಡಿ. ಸ್ಪ್ಲಿಟರ್ ಬೇಕೇಬೇಕು ಅಂದ್ರೆ ಅದರ ಖಾಲಿ ಬಾಯಿಗೆ 75 ಓಮ್ ಟರ್ಮಿನೇಟರ್ (ಮುಚ್ಚಳದಂಥ ತುಣುಕು) ಹಾಕಿ. ಹುಡುಗನ ಕೈಲಿ ಮೀಟರ್ ಇರಲಿ: ಬಾಕ್ಸ್ ಹತ್ತಿರ ಸಿಗ್ನಲ್ ಮಟ್ಟ 50-65 ಡಿಬಿ ಮೈಕ್ರೋವೋಲ್ಟ್, 256 ಕ್ವಾಮ್‌ಗೆ ಎಂಇಆರ್ (ಸಿಗ್ನಲ್ ಎಷ್ಟು ಶುದ್ಧ ಅನ್ನೋ ಅಳತೆ) 32 ಡಿಬಿ ಮೇಲೆ ಇರಬೇಕು. ಕಂಬದ ಟ್ಯಾಪ್‌ನಲ್ಲೇ (ನಿಮ್ಮ ವೈರ್ ಕಂಪನಿ ಲೈನಿಗೆ ಸೇರೋ ಜಾಗ) ಎಂಇಆರ್ ಅದಕ್ಕಿಂತ ಕಮ್ಮಿ ಇದ್ರೆ ನಿಮ್ಮ ವೈರಿನ ಮಾತೇ ಇಲ್ಲ, ಕೆಲಸ ಅವರದ್ದು.

ಪ್ರಶ್ನೆ (ಅವರೇ): ಮೂರು ನಾಲ್ಕು ದಿನ ಏನೂ ಬರದಿದ್ರೆ ದುಡ್ಡು?

ಉತ್ತರ: ಸತತ 72 ಗಂಟೆ ದಾಟಿ ಸಿಗ್ನಲ್ ಇಲ್ಲದಿದ್ರೆ ಆ ಅವಧಿಯ ಚಂದಾ ಕೊಡಬೇಕಿಲ್ಲ, ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ) 2017ರ ನಿಯಮ. ಹುಡುಗನಿಗೆ ಫೋನ್ ಮಾಡಿದ್ದು ಲೆಕ್ಕಕ್ಕೆ ಸಿಗೋದು ಕಷ್ಟ. ಕಂಪನಿಯ ಕಾಲ್ ಸೆಂಟರ್‌ನಲ್ಲಿ ದೂರು ಕೊಟ್ಟು ನಂಬರ್ ತಗೊಳ್ಳಿ.