ಗೇಮ್ ಒಳಗೇ ಸೇವ್ ಮಾಡಿದರೂ ಹಳೆಯ ಜಾಗಕ್ಕೇ ಹೋಗುತ್ತಿದೆ, ಎಮ್ಯುಲೇಟರ್‌ನಲ್ಲಿ ಯಾವ ಸೇವ್ ನಂಬಬೇಕು?

ಬಿಟ್‌ಬುಟ್ಟಿ:
ಫೋನಿನಲ್ಲಿ ರೆಟ್ರೋಆರ್ಚ್ (ಹಳೆಯ ಗೇಮ್ ಆಡಿಸುವ ಎಮ್ಯುಲೇಟರ್ ಆ್ಯಪ್), ಅದರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ನಟಿಸುವ ಎಂಜಿಬಿಎ ಕೋರ್, ಗೇಮ್ ಪೋಕೆಮಾನ್ ಎಮರಾಲ್ಡ್. ಸೇವ್ ಮಾಡುವುದು ಗೇಮಿನ ಮೆನುವಿನಿಂದಲೇ. ಆಮೇಲೆ ಆ್ಯಪನ್ನು ಸ್ವೈಪ್ ಮಾಡಿ ತೆಗೆದರೆ ಮುಂದಿನ ಸಲ ಎಷ್ಟೋ ಹಿಂದಿನ ಜಾಗದಲ್ಲಿ ತೆರೆದುಕೊಳ್ಳುತ್ತದೆ. ಆಟೋ ಸೇವ್ ಸ್ಟೇಟ್, ಆಟೋ ಲೋಡ್ ಸ್ಟೇಟ್ (ಆಟದ ಆ ಕ್ಷಣವನ್ನು ಎಮ್ಯುಲೇಟರ್ ತಾನೇ ಉಳಿಸುವುದು, ಮತ್ತೆ ತೆರೆಯುವುದು) ಎರಡೂ ಆನ್ ಇವೆ. ಸ್ಟೇಟ್ ಇದ್ದ ಮೇಲೆ ಗೇಮಿನ ಸೇವ್ ಬೇಕೇ? ಇದನ್ನು ಲ್ಯಾಪ್‌ಟಾಪಿಗೆ ಒಯ್ಯಬಹುದೇ?

ಹಳೇ_ಕಾರ್ಟ್ರಿಡ್ಜ್:
ಇಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ.

ಮೊದಲನೆಯದು: ಗೇಮಿನಲ್ಲಿ ಸೇವ್ ಒತ್ತಿದಾಗ ಡೇಟಾ ಹೋಗುವುದು ಎಮ್ಯುಲೇಟರ್ ನಟಿಸುತ್ತಿರುವ ಕಾರ್ಟ್ರಿಡ್ಜಿನ ಮೆಮೊರಿಗೆ, ಅಂದರೆ ಫೋನಿನ ರ್‍ಯಾಮಿಗೆ. ಅದು ಎಸ್‌ಆರ್‌ಎಂ ಫೈಲಾಗಿ ಸ್ಟೋರೇಜಿಗೆ ಇಳಿಯುವುದು ಗೇಮನ್ನು ಕ್ಲೋಸ್ ಮಾಡಿದಾಗ, ಇಲ್ಲವೇ ಆಟೋಸೇವ್ ಇಂಟರ್‌ವಲ್ ಇಟ್ಟಿದ್ದರೆ ಆಗಾಗ. ಸ್ವೈಪ್ ಮಾಡಿದರೆ ಆ ಹೆಜ್ಜೆಯೇ ತಪ್ಪಬಹುದು. ಗೇಮ್ ಪಾಪ, ತನ್ನ ಪಾಲಿನ ಕೆಲಸ ಮುಗಿಸಿರುತ್ತದೆ.

ಎರಡನೆಯದು: ಆಟೋ ಸೇವ್ ಸ್ಟೇಟ್ ಕೂಡ ಸರಿಯಾಗಿ ಕ್ಲೋಸ್ ಮಾಡಿದಾಗಲೇ ಬರೆಯುವುದು. ಹಾಗಾಗಿ ಉಳಿದಿರುವುದು ಯಾವತ್ತೋ ಬರೆದ ಹಳೆಯ ಸ್ಟೇಟ್. ಆಟೋ ಲೋಡ್ ಅದನ್ನೇ ಎತ್ತಿ ಹಾಕುತ್ತದೆ. ಸ್ಟೇಟ್ ಅಂದರೆ ಆ ಕ್ಷಣದ ಇಡೀ ಯಂತ್ರದ ನಕಲು. ಅದರೊಳಗೆ ಅವತ್ತಿನ ಕಾರ್ಟ್ರಿಡ್ಜ್ ಸೇವ್ ಕೂಡ ಇರುತ್ತದೆ. ಎಸ್‌ಆರ್‌ಎಂ ಹೊಸದಿದ್ದರೂ ಅದರ ಮೇಲೆ ಹಳೆಯದು ಕೂರಬಹುದು, ನಂತರ ಕ್ಲೋಸ್ ಮಾಡಿದಾಗ ಸ್ಟೋರೇಜಿನಲ್ಲಿರುವ ಒಳ್ಳೆಯ ಫೈಲೂ ಅಳಿಸಿಹೋಗಬಹುದು.

ಮಾಡಬೇಕಾದ್ದು: ಮೊದಲು ಸೇವ್ಸ್ ಫೋಲ್ಡರಿನ ಎಸ್‌ಆರ್‌ಎಂ ಫೈಲನ್ನು ಬೇರೆ ಕಡೆ ಕಾಪಿ ಮಾಡಿಡಿ. ನಂತರ ಸೆಟ್ಟಿಂಗ್ಸ್‌ನ ಸೇವಿಂಗ್ ವಿಭಾಗದಲ್ಲಿ ಆಟೋ ಲೋಡ್ ಸ್ಟೇಟ್ ಆಫ್ ಮಾಡಿ, ಸೇವ್‌ರ್‍ಯಾಮ್ ಆಟೋಸೇವ್ ಇಂಟರ್‌ವಲ್ ಅನ್ನು 10 ಸೆಕೆಂಡಿಗೆ ಇಡಿ (ಆಗ ಕಾರ್ಟ್ರಿಡ್ಜ್ ಮೆಮೊರಿ ಆಗಾಗ ಫೈಲಿಗೆ ಇಳಿಯುತ್ತದೆ). ಮುಖ್ಯ ವಿಷಯ, ಈ ಸೆಟ್ಟಿಂಗ್ ಕೂಡ ಫೈಲಿಗೆ ಬರೆಯಲ್ಪಡುವುದು ರೆಟ್ರೋಆರ್ಚ್‌ನಿಂದ ಹೊರಬರುವಾಗಲೇ! ಬದಲಿಸಿದ ಮೇಲೆ ಕ್ವಿಕ್ ಮೆನುವಿನಲ್ಲಿ ಕ್ಲೋಸ್ ಕಂಟೆಂಟ್ ಒತ್ತಿ, ಆಮೇಲೆ ಕ್ವಿಟ್ ಒತ್ತಿ ಹೊರಬನ್ನಿ. ಇಲ್ಲದಿದ್ದರೆ ಸೆಟ್ಟಿಂಗೂ ಮಾಯ.

ಸ್ಟೇಟ್ ಲೋಡ್ ಮಾಡಿದಾಗ ಸೇವ್‌ರ್‍ಯಾಮ್ ಮುಟ್ಟಬೇಡ ಅನ್ನುವ ಆಯ್ಕೆಯೂ ಅಲ್ಲೇ ಇದೆ. ಆದರೆ ಕೆಲವು ಗೇಮುಗಳಲ್ಲಿ ಅದರಿಂದ ಎಡವಟ್ಟಾಗಬಹುದು. ಮತ್ತೆ, ಹಳೆಯ ಸ್ಟೇಟಿನಲ್ಲಿ ನಿಂತು ಗೇಮಿನೊಳಗೆ ಸೇವ್ ಒತ್ತಿದರೆ ಹೊಸ ಸೇವ್ ಹೇಗೂ ಅಳಿಸಿಹೋಗುತ್ತದೆ.

ಸ್ಟೇಟ್ ಬೇಡವೆಂದಲ್ಲ. ಕಷ್ಟದ ಬಾಸ್ ಎದುರು, ಸೇವ್ ಸೌಲಭ್ಯವೇ ಇಲ್ಲದ ಗೇಮಿನಲ್ಲಿ ಅದೇ ಗತಿ. ಆದರೆ ಕೋರ್ ಬದಲಾದರೆ ಅದು ತೆರೆಯುವುದಿಲ್ಲ, ಅದೇ ಕೋರ್ ಅಪ್‌ಡೇಟ್ ಆದರೂ ಕೈಕೊಡಬಹುದು.

ಫೈಲ್‌ಮೇಸ್ತ್ರಿ:
ಲ್ಯಾಪ್‌ಟಾಪಿಗೆ ಒಯ್ಯುವುದು ಎಸ್‌ಆರ್‌ಎಂ ಮಾತ್ರ, ಸ್ಟೇಟ್ ಅಲ್ಲ. ಅಲ್ಲಿಯೂ ರೆಟ್ರೋಆರ್ಚ್ ಆದರೆ ಸೇವ್ಸ್ ಫೋಲ್ಡರಿಗೆ ಹಾಗೇ ಹಾಕಿ. ಪ್ರತ್ಯೇಕ ಎಂಜಿಬಿಎ ಆದರೆ ಎಕ್ಸ್‌ಟೆನ್ಷನ್ ಎಸ್‌ಎವಿ ಎಂದು ಬದಲಿಸಿ ರಾಮ್ (ಗೇಮಿನ ಫೈಲ್) ಪಕ್ಕದಲ್ಲೇ ಇಡಿ. ಡಾಟ್‌ಗಿಂತ ಹಿಂದಿನ ಹೆಸರು ರಾಮ್ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದು ಸ್ಪೇಸ್ ಹೆಚ್ಚಾದರೂ ಹೊಸ ಗೇಮ್ ಶುರುವಾಗುತ್ತದೆ. "ಸೇವ್ ಹೋಯಿತು" ಎನ್ನುವ ಎಷ್ಟೋ ಪ್ರಕರಣಗಳಲ್ಲಿ ಫೈಲ್ ಅಲ್ಲೇ ಇರುತ್ತದೆ, ಹೆಸರು ಬೇರೆ, ಅಷ್ಟೇ.

ಸೈಜ್ ನೋಡಿ: ಎಮರಾಲ್ಡ್ ಬಳಸುವುದು 128 ಕೆಬಿ ಫ್ಲ್ಯಾಶ್, ಅಂದರೆ 1,31,072 ಬೈಟ್. ಪ್ರತ್ಯೇಕ ಎಂಜಿಬಿಎ ಗಡಿಯಾರದ ಮಾಹಿತಿಗೆಂದು ಕೊನೆಯಲ್ಲಿ 16 ಬೈಟ್ ಸೇರಿಸುತ್ತದೆ, ಗಾಬರಿ ಬೇಡ. 65,536 ಇದ್ದರೆ ಎಮ್ಯುಲೇಟರ್ ಸೇವ್ ಟೈಪನ್ನು 64 ಕೆಬಿ ಎಂದು ತಪ್ಪಾಗಿ ಹಿಡಿದಿದೆ. 1ಎಂ ಸಬ್-ಸರ್ಕ್ಯೂಟ್ ಬೋರ್ಡ್ ಇಲ್ಲ ಎಂದು ಗೇಮ್ ದೂರುವುದೂ ಇದಕ್ಕೇ. ಎಮ್ಯುಲೇಟರಿನಲ್ಲಿ ಸೇವ್ ಟೈಪ್ ಆಯ್ಕೆ ಇದ್ದರೆ ಅಲ್ಲಿ ಫ್ಲ್ಯಾಶ್ 128ಕೆ ಕೊಟ್ಟು ರೀಸೆಟ್ ಮಾಡಿ.

ಬಿಟ್‌ಬುಟ್ಟಿ:
ಧನ್ಯವಾದ. ಕ್ಲೋಸ್ ಕಂಟೆಂಟ್ ಮಾಡಿದ ತಕ್ಷಣ ಎಸ್‌ಆರ್‌ಎಂ ಫೈಲಿನ ಸಮಯ ಬದಲಾಯಿತು, ಈಗ ಸರಿ ಇದೆ. ಎರಡು ಡಿಸ್ಕಿನ ಪ್ಲೇಸ್ಟೇಷನ್ 1 ಗೇಮಿಗೂ ಇದೇ ಕ್ರಮವೇ?

ಫೈಲ್‌ಮೇಸ್ತ್ರಿ:
ಅಲ್ಲಿ ಮೆಮೊರಿ ಕಾರ್ಡ್ ಲೆಕ್ಕ: 128 ಕೆಬಿ, ಸೇವ್‌ಗೆ ಸಿಗುವುದು 8 ಕೆಬಿಯ 15 ಬ್ಲಾಕ್. ಬೀಟಲ್ ಪಿಎಸ್‌ಎಕ್ಸ್ ಕೋರ್ ಮೊದಲ ಕಾರ್ಡನ್ನು ತೆರೆದ ಫೈಲಿನ ಹೆಸರಲ್ಲೇ ಎಸ್‌ಆರ್‌ಎಂ ಆಗಿ ಇಡುತ್ತದೆ. ಎರಡನೇ ಡಿಸ್ಕನ್ನು ನೇರವಾಗಿ ತೆರೆದರೆ ಖಾಲಿ ಕಾರ್ಡ್ ಎದುರಾಗುವುದು ಅದಕ್ಕೇ. ಎರಡೂ ಡಿಸ್ಕಿನ ಫೈಲ್ ಹೆಸರನ್ನು ಸಾಲಿಗೊಂದರಂತೆ ಬರೆದು ಎಂ3ಯು ಫೈಲ್ (ಡಿಸ್ಕುಗಳ ಪಟ್ಟಿ) ಮಾಡಿ, ಯಾವಾಗಲೂ ಅದನ್ನೇ ತೆರೆಯಿರಿ. ಡಿಸ್ಕ್ ಬದಲಿಸುವುದು ಕ್ವಿಕ್ ಮೆನುವಿನ ಡಿಸ್ಕ್ ಕಂಟ್ರೋಲ್‌ನಿಂದ.