ಸಿಂಗಳೀಕ, ಮಂಗಟ್ಟೆ ಫೋಟೋಗಳು ತುಂಬಾ ಉಂಟು. ಇವು ಕಾಡಿಗೆ ಹೇಗೆ ಉಪಯೋಗಕ್ಕೆ ಬರುತ್ತವೆ?

ಮಣಿಪಾಲದ ಮಳೆ:

ಎಲ್ಲರಿಗೂ ನಮಸ್ಕಾರ. ನಾನು ಮಣಿಪಾಲದಲ್ಲಿ ಕೆಲಸ ಮಾಡುವವಳು. ರಜೆ ಸಿಕ್ಕಿದಾಗೆಲ್ಲ ಕ್ಯಾಮೆರಾ ಹಿಡಿದುಕೊಂಡು ಹೆಬ್ರಿ, ಸೋಮೇಶ್ವರ, ಆಗುಂಬೆ ಕಡೆ ಹೋಗುತ್ತೇನೆ. ಘಾಟಿ ತಿರುವುಗಳಲ್ಲಿ ಸಿಂಗಳೀಕ (ಸಿಂಹದಂಥ ಬಾಲದ ಕಪ್ಪು ಕೋತಿ) ಕಾಣುತ್ತವೆ, ಅದೃಷ್ಟ ಇದ್ದರೆ ದೊಡ್ಡ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್). ಫೋಟೋ ಹಾಕಿದರೆ ಲೈಕ್ ಬರುತ್ತದೆ, ಮರುದಿನ ಎಲ್ಲರೂ ಮರೆಯುತ್ತಾರೆ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ನಮ್ಮ ಮನೆಯಿಂದ ಇಷ್ಟು ಹತ್ತಿರ ಬದುಕಿದೆ ಅಂತ ನೆನೆದರೆ ಮೈ ಜುಂ ಅನ್ನುತ್ತದೆ. ಇಷ್ಟೆಲ್ಲ ಫೋಟೋ ಇಟ್ಟುಕೊಂಡು ಸುಮ್ನೆ ಕೂರುವುದಕ್ಕೆ ಮನಸ್ಸಾಗುತ್ತಿಲ್ಲ. ಇವನ್ನು ಯಾರಿಗೆ ಕೊಡಬೇಕು? ಎಂಥ ಫೋಟೋ ತೆಗೆದರೆ ಪ್ರಾಣಿಗೆ ಒಳ್ಳೆಯದು? ಇನ್ನೊಂದು, ಮಂಗಟ್ಟೆ ಗೂಡಿರುವ ಮರ ಒಂದು ಗೊತ್ತಾಗಿದೆ. ಅದರ ಫೋಟೋ ಹಾಕಬಹುದಾ?

ಘಟ್ಟದ ದಾರಿ, ಕಾರ್ಕಳ:

ಮೇಡಂ, ಮೊದಲು ಗೂಡಿನ ವಿಷಯ. ದಯವಿಟ್ಟು ಹಾಕಬೇಡಿ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡುಬಿಡುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ಅದರ ಹೊಟ್ಟೆ, ಮರಿಯ ಹೊಟ್ಟೆ ಎರಡೂ ಗಂಡು ತರುವ ಹಣ್ಣಿನ ಮೇಲೆ ನಿಂತಿದೆ. ಮರದ ಕೆಳಗೆ ನಾಲ್ಕು ಜನ ಕ್ಯಾಮೆರಾ ಇಟ್ಟು ಕೂತರೆ ಗಂಡು ಹತ್ತಿರ ಬರಲು ಹೆದರುತ್ತದೆ. ನೀವು ಜಾಗದ ಹೆಸರು ಬರೆಯದಿದ್ದರೂ ಗೊತ್ತಿದ್ದವರು ಹಿಂದಿನ ಬಂಡೆ, ತಿರುವು ನೋಡಿ ಕಂಡುಹಿಡಿಯುತ್ತಾರೆ. ಮೊಬೈಲ್ ಫೋಟೋದಲ್ಲಿ ಲೊಕೇಶನ್ ಕೂಡ ಸೇರಿಕೊಂಡಿರಬಹುದು. ಮರದ ಜಾಗವನ್ನು ವಲಯ ಅರಣ್ಯಾಧಿಕಾರಿಗೆ ತಿಳಿಸಿ, ಅಷ್ಟು ಸಾಕು.

ಸಿಂಗಳೀಕದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಉಂಟು. ರಸ್ತೆ ಬದಿ ಚಿಪ್ಸ್ ತಿನ್ನುವ ಸಿಂಗಳೀಕದ ಫೋಟೋ ಎಷ್ಟೇ ಚೆನ್ನಾಗಿ ಬರಲಿ, ಹಾಕಬೇಡಿ. 2011ರಲ್ಲಿ ಅಮೆರಿಕದಲ್ಲಿ ಚಿಂಪಾಂಜಿ ಫೋಟೋ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. ಪಕ್ಕದಲ್ಲಿ ಮನುಷ್ಯ ನಿಂತ ಫೋಟೋ ನೋಡಿದವರಿಗೆ 'ಇವು ಕಾಡಲ್ಲಿ ಚೆನ್ನಾಗಿಯೇ ಇವೆ, ಮನೆಯಲ್ಲೂ ಸಾಕಬಹುದು' ಅನ್ನಿಸುವುದು ಜಾಸ್ತಿ ಅಂತ ಗೊತ್ತಾಯಿತು. ಕಾಳಿಂಗ ಸರ್ಪದ ಬಾಲ ಹಿಡಿದು ಪೋಸ್ ಕೊಡುವ ಫೋಟೋಗಳಿಗೂ ನಾನು ಇದನ್ನೇ ಹೇಳುತ್ತೇನೆ.

ನಿಮ್ಮ ಕೈಯಲ್ಲಿ ಆಗುವ ಬೇರೆ ಕೆಲಸ ಉಂಟು. ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿ. ರಸ್ತೆಯ ಎರಡೂ ಕಡೆಯ ಕೊಂಬೆಗಳು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಅದು ನೆಲಕ್ಕಿಳಿಯುತ್ತದೆ, ಗಾಡಿಗೆ ಸಿಗುತ್ತದೆ. ಅಂಥ ಜಾಗದ ಫೋಟೋ ತೆಗೆಯಿರಿ. ಪ್ರಾಣಿ ಇಲ್ಲದಿದ್ದರೂ ಪರವಾಗಿಲ್ಲ, ಬರೀ ಖಾಲಿ ಆಕಾಶದ ತುಂಡು ಕಂಡರೆ ಸಾಕು. ತಾರೀಕು, ಕಿಲೋಮೀಟರ್ ಕಲ್ಲಿನ ನಂಬರ್ ಬರೆದಿಟ್ಟುಕೊಳ್ಳಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ರಸ್ತೆ ಮೇಲೆ ಹಗ್ಗದಂಥ ಸೇತುವೆ ಕಟ್ಟಿದ್ದಾರೆ. ಇಲ್ಲಿ ಕೇಳಬೇಕಾದರೆ ಎಲ್ಲಿ ಬೇಕು ಅಂತ ನಾವೇ ತೋರಿಸಬೇಕಲ್ವಾ?

ಬಜಪೆ ಟೀಚರ್:

ಘಟ್ಟದ ದಾರಿಯವರು ಹೇಳಿದ್ದಕ್ಕೆ ನಮ್ಮ ಹತ್ತಿರದ್ದೇ ಉದಾಹರಣೆ ಉಂಟು. ಕುದುರೆಮುಖದ ಗಣಿಯ ಕಬ್ಬಿಣದ ಅದಿರು ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಬರುತ್ತಿತ್ತು. ಆ ಗಣಿಯ ಬಗ್ಗೆ ವನ್ಯಜೀವಿ ಚಿತ್ರ ಮಾಡುವ ಶೇಖರ್ ದತ್ತಾತ್ರಿ ಒಂದು ಕಿರುಚಿತ್ರ ಮಾಡಿದರು. ಗಣಿಯಿಂದ ಬೆಟ್ಟಕ್ಕೆ, ಭದ್ರಾ ನದಿಗೆ ಏನಾಗಿದೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸಿದರು. ಕಾನೂನು ಹೋರಾಟದಲ್ಲಿ ಅದು ಉಪಯೋಗಕ್ಕೆ ಬಂತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಪರಿಸರದವರು ವರ್ಷಗಟ್ಟಲೆ ಹೋರಾಡಿದ್ದಾರೆ, ಬರೀ ಚಿತ್ರದಿಂದ ಆದದ್ದಲ್ಲ. ಆದರೆ ಕಾಗದದಲ್ಲಿ 'ಹೂಳು' ಅಂತ ಓದುವುದು ಬೇರೆ, ಅದನ್ನು ಕಣ್ಣಾರೆ ನೋಡುವುದು ಬೇರೆ.

ನಮ್ಮ ಶಾಲೆಯ ಮಕ್ಕಳಿಗೆ ಆಫ್ರಿಕಾದ ಸಿಂಹ ಗೊತ್ತು, ಸಿಂಗಳೀಕ ಗೊತ್ತಿಲ್ಲ. ನಿಮ್ಮ ಫೋಟೋ ತಂದು ತೋರಿಸುತ್ತೀರಾ ಮೇಡಂ?

ಕೋಡಿ ಕಿನಾರೆ, ಕುಂದಾಪುರ:

ಕಾಡಿನ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ನಮ್ಮದು ದೋಣಿ ಮನೆ. ಕಡಲಾಮೆಯ ಕಥೆ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ನಮ್ಮ ಕೋಡಿಯ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಒಂದೂವರೆ ಎರಡು ತಿಂಗಳಲ್ಲಿ ಮರಿ ಹೊರಗೆ ಬರುತ್ತವೆ. ಎಲ್ಲರಿಗೂ ಬೇಕಾದ್ದು ಆ ಮರಿಗಳ ಫೋಟೋ. ರಾತ್ರಿ ಫ್ಲ್ಯಾಶ್ ಹೊಡೆಯುತ್ತಾರೆ, ಟಾರ್ಚ್ ಬಿಡುತ್ತಾರೆ. ಮರಿಗೆ ಬೆಳಕು ಎಲ್ಲಿ ಜಾಸ್ತಿಯೋ ಅದೇ ಕಡಲು. ಹಾಗಾಗಿ ಅದು ಕಡಲು ಬಿಟ್ಟು ನಮ್ಮ ಕಡೆಗೇ ತಿರುಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ ಮಾರಾಯ್ರೆ.

ನಾವು ಕೆಲವರು ಬೇರೆ ಫೋಟೋ ತೆಗೆಯಲು ಶುರು ಮಾಡಿದೆವು. ಬೆಳಿಗ್ಗೆ ಬೇಗ ಹೋಗಿ ಆಮೆ ಹತ್ತಿ ಇಳಿದ ಗುರುತು ತೆಗೆಯುವುದು. ಪಕ್ಕದಲ್ಲಿ ಅಳತೆಗೆ ಟೇಪ್. ರಿಡ್ಲಿಯ ಕಾಲಿನ ಗುರುತು ಎಡ ಬಲ ಒಂದಾದ ಮೇಲೆ ಒಂದು ಬರುತ್ತದೆ, ಹಸಿರು ಆಮೆಯದ್ದು ಎರಡೂ ಕಡೆ ಜೋಡಿಯಾಗಿ ಇರುತ್ತದೆ. ಆಮೆ ಹೋದ ಮೇಲೂ ಯಾವ ಆಮೆ ಅಂತ ಫೋಟೋ ನೋಡಿ ಹೇಳಬಹುದು. ಮತ್ತೆ ಕಿನಾರೆಯ ಲೈಟುಗಳು. ಒಂದೇ ಕಡೆ ನಿಂತು ರಾತ್ರಿಯ ಫೋಟೋ. ಕಡಲ್ಕೊರೆತಕ್ಕೆ ಕಲ್ಲು ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು. ಕಲ್ಲಿನ ಗೋಡೆ ಹತ್ತಿ ಆಮೆ ಮೇಲೆ ಬರಲಾರದು. ಮನೆ ಉಳಿಸಲು ಕಲ್ಲು ಬೇಕು ಅನ್ನುವವರೂ ನಮ್ಮವರೇ, ಹಾಗಾಗಿ ಸಭೆಯಲ್ಲಿ ಮಾತು ಬಂದಾಗ ಎಲ್ಲಿ ಕಲ್ಲು ಹಾಕದೆ ಬಿಡಬಹುದು ಅಂತ ತೋರಿಸಲು ಫೋಟೋ ಬೇಕಾಗುತ್ತದೆ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಇನ್ನೊಂದು ಫೋಟೋ. ನಮ್ಮ ಚಿಕ್ಕಪ್ಪ ಬಲೆಗೆ ಸಿಕ್ಕಿದ ಆಮೆಯನ್ನು ಬಿಡಿಸುತ್ತಿರುವುದು. ಬಲೆ ಕತ್ತರಿಸಿದರೆ ನಷ್ಟ, ಆದರೂ ಕತ್ತರಿಸಿದರು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೀನುಗಾರರು ಸೇರುವ ಕಡೆ ತೂಗುಹಾಕಿದೆವು. ಬಂದವರೆಲ್ಲ ನಿಂತು ನೋಡುತ್ತಾರೆ, 'ನಮ್ಮ ದೋಣಿಯಲ್ಲೂ ಬಿಡಿಸಿದ್ದೇವೆ' ಅನ್ನುತ್ತಾರೆ. ಈಗ ಗುರುತು ಕಂಡರೆ ಅವರೇ ಫೋನ್ ಮಾಡುತ್ತಾರೆ, ಅರಣ್ಯ ಇಲಾಖೆಯವರು ಬಂದು ಗೂಡಿನ ಸುತ್ತ ಬಲೆ ಕಟ್ಟುತ್ತಾರೆ. ಅಕ್ಕ, ನಿಮ್ಮ ಸಿಂಗಳೀಕದ ಫೋಟೋವನ್ನು ಘಾಟಿ ಕೆಳಗಿನ ಚಹಾದಂಗಡಿಯಲ್ಲಿ, ಬಸ್ ನಿಲ್ಲುವ ಕಡೆ ಹಾಕಿಸಿ. ಅಲ್ಲಿನ ಡ್ರೈವರ್‌ಗಳು ನೋಡಬೇಕು. ದೂರದ ಊರಿನ ಲೈಕ್ ಅದಕ್ಕೆ ಸಮ ಅಲ್ಲ.

ಮಣಿಪಾಲದ ಮಳೆ:

ಎಲ್ಲರಿಗೂ ಧನ್ಯವಾದ. ಗೂಡಿನ ಫೋಟೋ ಹಾಕುವುದಿಲ್ಲ, ಅರಣ್ಯ ಕಚೇರಿಗೆ ನಾನೇ ಹೋಗಿ ಹೇಳುತ್ತೇನೆ. ಟೀಚರ್, ಶನಿವಾರ ಬರಬಹುದಾ? ಶಾಲೆಯಲ್ಲಿ ಪ್ರೊಜೆಕ್ಟರ್ ಉಂಟಾ? ಹೆಬ್ರಿಯ ಚಹಾದಂಗಡಿಯವರನ್ನು ಈ ವಾರವೇ ಕೇಳುತ್ತೇನೆ. ಬಿಸಿಲು ಮಳೆಗೆ ತಡೆಯುವ ಪ್ರಿಂಟ್ ಎಲ್ಲಿ ಮಾಡಿಸಿದಿರಿ ಅಂತ ಕೋಡಿಯವರು ಹೇಳಿದರೆ ಒಳ್ಳೆಯದು.

ಕೋಡಿ ಕಿನಾರೆ, ಕುಂದಾಪುರ:

ಫ್ಲೆಕ್ಸ್ ಬೇಡ ಅಕ್ಕ, ಒಂದು ಮಳೆಗಾಲಕ್ಕೆ ಬಣ್ಣ ಹೋಗುತ್ತದೆ, ಮತ್ತೆ ಅದೇ ಪ್ಲಾಸ್ಟಿಕ್ ಕಸ. ನಾವು ಪ್ರಿಂಟ್‌ಗೆ ಗಾಜು, ಮರದ ಫ್ರೇಮ್ ಹಾಕಿಸಿ ಒಳಗಿನ ಗೋಡೆಗೆ ಹೊಡೆದದ್ದು. ಕೆಳಗೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರೆಸಿ, ಅರಣ್ಯ ಕಚೇರಿಯ ಫೋನ್ ನಂಬರ್ ಕೂಡ.